ಹದಿನೆಂಟು ಸೆಕೆಂಡಿನ ತುಣುಕು

ಆ ತುಣುಕನ್ನು ಕತ್ತರಿಸಿದವಳು ಪ್ರಿಯದರ್ಶಿನಿ. ಅದು ಅವಳೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದುದನ್ನು ಐದು ದಿನ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದಳು.

ಮೊದಲಿನಿಂದ ಹೇಳುವುದಾದರೆ, ಇದು ಶುರುವಾದದ್ದು ಡಿಸೆಂಬರಿನಲ್ಲಿ. ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಪ್ರಾಥಮಿಕ ಶಾಲೆಗಳಿಗೆಂದು ಬಾಗೇವಾಡಿಯಲ್ಲಿ ಒಂದು ಸ್ಪರ್ಧೆ ಇಟ್ಟಿದ್ದರು. ತಮ್ಮ ಸೀಮೆಯಲ್ಲಿ ಹಿಂದೆ ನಡೆದ ಒಂದು ಘಟನೆಯನ್ನು ಮಕ್ಕಳೇ ಹುಡುಕಿ ತಿಳಿದು, ಮಕ್ಕಳೇ ವಿಡಿಯೋ ಮಾಡಿ, ಹತ್ತು ನಿಮಿಷದಲ್ಲಿ ಪರದೆಯ ಮೇಲೆ ತೋರಿಸಬೇಕು. ಮುದ್ದೇಬಿಹಾಳ ತಾಲೂಕಿನ ತೆಗ್ಗಿನಾಳದ ಸರ್ಕಾರಿ ಶಾಲೆಯ ಬೀರಣ್ಣ ಮಾಸ್ತರರು ಇಂಡಿ ಕಡೆಯ ಹೊರ್ತಿಯವರು. ಏಳನೆಯ ತರಗತಿಗೆ ಸಮಾಜ ಪಾಠ ಹೇಳುತ್ತಿದ್ದರು. ಸುತ್ತೋಲೆ ಓದಿದವರೇ ತರಗತಿಗೆ ಬಂದು ಕೇಳಿದರು.

"ಸಾವಿರದ ಐನೂರ ಅರವತ್ತೈದನೇ ಇಸ್ವಿ ಜನವರಿ ತಿಂಗಳ. ಏನಾತು?"

"ತಾಳಿಕೋಟಿ ಕಾಳಗರಿ" ಎಂದಳು ಮುಬೀನಾ.

"ಎಲ್ಲಿ ಆತು?"

ಪುಸ್ತಕದಲ್ಲಿದ್ದುದನ್ನು ಅವಳು ಹೇಳಿದಳು. ಮಾಸ್ತರರು ಕಿಟಕಿಯತ್ತ ಕೈ ತೋರಿಸಿದರು. "ಹೊಳಿ ದಂಡಿಗೆ ರಕ್ಕಸಗಿ, ತಂಗಡಗಿ ಅಂತ ಊರ ಅದಾವು. ಇಲ್ಲಿಂದ ಬಸ್ಸಿನಾಗ ಒಂದ ತಾಸು. ಅಲ್ಲೇ ಆತು ಅಂತಾರ ಕೆಲವರು, ಅಲ್ಲಲ್ಲ, ಹೊಳಿ ದಾಟಿ ಆತು ಅಂತಾರ ಕೆಲವರು. ನೀವ ಹುಡುಕ್ರಿ."

ಮೂವರನ್ನು ಆರಿಸಿದರು. ದುಂಡೇಶ ಚಿತ್ರ ಮತ್ತು ನಕಾಶೆಗೆ. ಮುಬೀನಾ ಬರವಣಿಗೆಗೆ, ಮಾತಿಗೆ. ಪ್ರಿಯದರ್ಶಿನಿ ವಿಡಿಯೋ ಕತ್ತರಿಸಿ ಜೋಡಿಸುವುದಕ್ಕೆ. ಅವಳಿಗೆ ಆ ಕೆಲಸ ಯಾರೂ ಕಲಿಸಿರಲಿಲ್ಲ. ಅವ್ವನ ಫೋನಿನಲ್ಲಿ ಸೋದರತ್ತೆಯ ಕೂಸಿನ ಹೆಸರಿಡುವ ಕಾರ್ಯದ ವಿಡಿಯೋ ಜೋಡಿಸಿ ಹಾಡು ಕೂಡಿಸಿದ್ದನ್ನು ನೋಡಿ ಇಡೀ ಬಳಗವೇ ಬೆರಗಾಗಿತ್ತು.

ಡಿಸೆಂಬರ್ ತಿಂಗಳೆಲ್ಲ ಮೂವರೂ ಅದರಲ್ಲೇ ಮುಳುಗಿದರು. ಮಾಸ್ತರರು ಒಂದು ರವಿವಾರ ಅವರನ್ನು ಹೊಳೆಯ ದಂಡೆಗೆ ಕರೆದೊಯ್ದರು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಜೋಳದ ಹೊಲ, ಕಬ್ಬು, ನೀರೆತ್ತುವ ಮೋಟಾರು. ದುಂಡೇಶ ನಿರಾಸೆಯಿಂದ ಒಂದು ಮಣ್ಣಿನ ಹೆಂಟೆ ಒದ್ದ. ಮುಬೀನಾ ಮಾತ್ರ ಆ ಬಯಲನ್ನೇ ನೋಡುತ್ತ ನಿಂತು, "ಇಷ್ಟ ಜಾಗಾದಾಗ ಅಷ್ಟ ಮಂದಿ ಹೆಂಗ ನಿಂತಿದ್ರು?" ಎಂದಳು. ಎಷ್ಟು ಮಂದಿ ಎಂಬುದೇ ತಿಳಿಯದಾಗಿತ್ತು. ಒಂದು ಕಡೆ ಹುಡುಕಿದರೆ ಒಂದು ಲಕ್ಷ, ಇನ್ನೊಂದು ಕಡೆ ಆರು ಲಕ್ಷ. ಮಾಸ್ತರರು ಎರಡನ್ನೂ ಬರೆಯಿಸಿದರು. ಯಾರು ಹೇಳಿದ್ದು ಎಂಬುದನ್ನೂ ಪಕ್ಕದಲ್ಲೇ ಬರೆಯಿಸಿದರು.

ಹುಡುಕುತ್ತ ಹೋದ ಹಾಗೆ ಮಕ್ಕಳಿಗೆ ಅಚ್ಚರಿಯ ಸಂಗತಿಗಳು ಸಿಕ್ಕವು. ವಿಜಯನಗರದ ದಂಡಿನಲ್ಲಿ ಮುಸಲ್ಮಾನ ಸರದಾರರಿದ್ದರು, ವಿಜಾಪುರದ ದಂಡಿನಲ್ಲಿ ಮರಾಠರಿದ್ದರು. ಗೋಳಕೊಂಡದ ಇಬ್ರಾಹಿಂ ಹುಡುಗನಾಗಿದ್ದಾಗ ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ವಿಜಯನಗರದಲ್ಲೇ ಇದ್ದ. ವಿಜಾಪುರದ ಅಲಿ ಆದಿಲಶಾಹ, ವಿಜಯನಗರವನ್ನು ಆಳುತ್ತಿದ್ದ ರಾಮರಾಯನ ಮಗ ಸತ್ತಾಗ ದುಃಖದಲ್ಲಿ ಮಾತಾಡಿಸಲು ಬಂದು ಅವನನ್ನು ತಂದೆಯಂತೆ ಕಂಡಿದ್ದ. "ಮತ್ತ್ ಯಾಕ ಕಾದಾಡಿದ್ರು?" ಎಂದು ದುಂಡೇಶ ಕೇಳಿದ. ಅದೇ ಅವರ ವಿಡಿಯೋದ ಮೊದಲ ಮಾತಾಯಿತು.

ನಡುವೆ ಎರಡು ಕಡೆಯವರ ಮಾತು ಬರಬೇಕಿತ್ತು. ಮೊದಲು ನಾಲ್ವರು ಸುಲ್ತಾನರು ಕೂಡಿ ಆಡುವ ಮಾತು, ಆಮೇಲೆ ಮುಪ್ಪಿನ ರಾಮರಾಯ ತನ್ನ ದಂಡಿಗೆ ಹೇಳುವ ಮಾತು. ಎರಡನ್ನೂ ಮಕ್ಕಳೇ ಬರೆದರು. ರಾಮರಾಯನ ಪಾತ್ರ ದುಂಡೇಶನದೆಂದು ಗೊತ್ತು ಮಾಡಿದ್ದರು. ಆದರೆ ಫೋನು ಎದುರಿಗಿಟ್ಟ ಕೂಡಲೇ ಅವನಿಗೆ ನಗು ಬರುತ್ತಿತ್ತು. ಹನ್ನೊಂದು ಸಲ ನೋಡಿ ಮಾಸ್ತರರು, "ಬಿಡು, ಎರಡೂ ಮುಬೀನಾನ ಹೇಳಲಿ" ಎಂದರು. ಅವಳು ಸುಲ್ತಾನರ ಮಾತಿಗೆ ಒಂದು ದನಿ ಹಿಡಿದಳು, ರಾಮರಾಯನಿಗೆ ಮತ್ತೊಂದು. ಎರಡೂ ಒಬ್ಬಳದೇ ದನಿ ಎಂದು ಕೇಳಿದವರಿಗೆ ಗೊತ್ತಾಗುವಂತಿರಲಿಲ್ಲ. ಪರದೆಯ ಮೇಲ್ತುದಿಯಲ್ಲಿ ಉದ್ದಕ್ಕೂ ಒಂದು ಸಾಲು ಇರಬೇಕೆಂದು ಮಾಸ್ತರರು ಹಟ ಹಿಡಿದರು: 'ಈ ಮಾತುಗಳು ಮಕ್ಕಳು ಕಲ್ಪಿಸಿ ಬರೆದವು.' ಪ್ರಿಯದರ್ಶಿನಿ ಹಳದಿ ಅಕ್ಷರದಲ್ಲಿ ಅದನ್ನು ಹಾಕಿದಳು.

ಜನವರಿಯ ಎರಡನೆಯ ರವಿವಾರ ಸಂಜೆ ಕೆಲಸ ಮುಗಿಯಿತು. ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ. ಯಾರಿಗಾದರೂ ತೋರಿಸಲೇಬೇಕು. ಇಡೀ ವಿಡಿಯೋ ಅವ್ವನ ಸ್ಟೇಟಸ್ಸಿಗೆ ಹಿಡಿಸುವುದಿಲ್ಲ. ಅದಕ್ಕೆ ಮುಬೀನಾಳ ದನಿ ಎಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತೋ ಅಷ್ಟನ್ನೇ ಕತ್ತರಿಸಿದಳು. ಹದಿನೆಂಟು ಸೆಕೆಂಡು. ಚೆಂದ ಕಾಣಲೆಂದು ಹಿಂದೆ ನಗಾರಿಯ ಸದ್ದು ಕೂಡಿಸಿದಳು. ಫೋನಿನ ಉದ್ದಕ್ಕೆ ಹೊಂದಲೆಂದು ಚಿತ್ರವನ್ನು ಹಿಗ್ಗಿಸಿದಳು. ಹಿಗ್ಗಿಸಿದಾಗ ಮೇಲಿನ ಹಳದಿ ಸಾಲು ಅಂಚಿನಾಚೆ ಹೋಯಿತು. ಹೋದದ್ದು ಅವಳ ಗಮನಕ್ಕೆ ಬರಲಿಲ್ಲ. 'ನನ್ನ ಗೆಳತಿ ಮುಬೀನಾ' ಎಂದು ಕೆಳಗೆ ಬರೆದು ಹಾಕಿದಳು. ಮರುದಿನ ಸಂಜೆ ಸ್ಟೇಟಸ್ಸು ತಾನಾಗಿಯೇ ಅಳಿಸಿಹೋಯಿತು. ಅವಳು ಮರೆತೂ ಬಿಟ್ಟಳು.

ಗುರುವಾರ ಸಂಜೆ ಅವಳು ಹೊರಗಿನ ಕಟ್ಟೆಯ ಮೇಲೆ ಗಣಿತ ಬಿಡಿಸುತ್ತಿದ್ದಳು. ಅಪ್ಪನ ತಮ್ಮ ಸಿದರಾಯ ಕಾಕಾ ಗಾಡಿ ನಿಲ್ಲಿಸಿದವನು ಇಳಿಯುವ ಮೊದಲೇ ಅವ್ವನನ್ನು ಕೂಗಿದ. "ವೈನಿ, ಬರ್ರಿ ಇಲ್ಲಿ. ನಮ್ಮೂರ ಗಿರಣಿ ಮೈಬೂಬನ ಮಗಳು ಏನ್ ಮಾತಾಡ್ಯಾಳ ನೋಡ್ರಿ."

ನಗಾರಿ ಬಡಿಯಿತು. ಆಮೇಲೆ ಮುಬೀನಾಳ ದನಿ: "ಆ ನಗರ ಇನ್ನು ನಮ್ಮ ಕಣ್ಣಿಗೆ ಬೀಳಬಾರದು. ಕಲ್ಲಿನ ಮೇಲೆ ಕಲ್ಲು ನಿಲ್ಲಬಾರದು. ನಾವು ನಾಲ್ವರೂ ಕೂಡಿದ್ದೇವೆ. ಇನ್ನು ನಮ್ಮನ್ನು ತಡೆಯುವವರು ಯಾರು?"

ಪ್ರಿಯದರ್ಶಿನಿಯ ಕೈಯಲ್ಲಿನ ಪೆನ್ನು ನಿಂತಿತು. ವಿಡಿಯೋದಲ್ಲಿ ನಗಾರಿಯೇ ಇಲ್ಲ. ನಗಾರಿ ಇದ್ದದ್ದು ಅವಳು ಕತ್ತರಿಸಿದ ತುಣುಕಿನಲ್ಲಿ ಮಾತ್ರ. ಎದ್ದು ಕಾಕಾನ ಹಿಂದೆ ಹೋಗಿ ಇಣುಕಿದಳು. 'ನನ್ನ ಗೆಳತಿ' ಎಂಬ ಸಾಲು ಇರಲಿಲ್ಲ. ಅದರ ಜಾಗದಲ್ಲಿ ಕೆಂಪು ಪಟ್ಟಿ, ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರ: 'ಸರ್ಕಾರಿ ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಕಲಿಸುವುದು ಇದನ್ನೇ? ಹಂಚಿರಿ.'

"ಎಲ್ಲಿಂದ ಬಂತು ಕಾಕಾ?"

"ಸಿಂದಗ್ಯಾಗ ನಮ್ಮ ಗೆಳ್ಯಾ ಕಳಿಸ್ಯಾನ. ಅಂವಗ ಯಾರೋ ಕಳಿಸ್ಯಾರ. ಊರ ತುಂಬ ಐತಿ ಈಗ." ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಎಂಥದೋ ಗಡಿಬಿಡಿ ಇತ್ತು. "ಯಾಂವ ಕಲಿಸ್ಯಾನ ಇದನ್ನ? ಆ ಹೊರ್ತಿ ಮಾಸ್ತರನಽ ಇರಬೇಕು."

ಸಿಂದಗಿ ಎಂದ ಕೂಡಲೇ ಅವಳಿಗೆ ಹೊಳೆಯಿತು. ಅವ್ವನಿಗೆ ಸ್ಟೇಟಸ್ಸಿನ ಗೊಡವೆಯೇ ಇರಲಿಲ್ಲ, ಅದನ್ನು ನೋಡುವವರು ಹೆಚ್ಚೆಂದರೆ ಪರಊರಿನ ಬಳಗದ ಮೂವತ್ತು ಜನ. ಅದರಲ್ಲಿ ಸಿಂದಗಿಯ ಸೋದರಮಾವನ ಮನೆಯೂ ಒಂದು. ಅಲ್ಲಿ ಯಾರೋ ಮೆಚ್ಚಿ ಇಳಿಸಿಕೊಂಡು ಮತ್ತೊಬ್ಬರಿಗೆ ಕಳಿಸಿರಬೇಕು, ಅವರು ಇನ್ನೊಬ್ಬರಿಗೆ. ಎಲ್ಲೋ ಒಂದು ಕಡೆ ಯಾರೋ ಆ ಕೆಂಪು ಪಟ್ಟಿ ಹಚ್ಚಿದ್ದರು.

"ಕಾಕಾ, ಅದು ಸುಲ್ತಾನರ ಮಾತು. ನಾಟಕ ಇದ್ದಂಗ. ಮುಂದ ರಾಮರಾಯನ ಮಾತೂ ಐತಿ" ಎಂದಳು. ದನಿ ಮೇಲೇಳಲಿಲ್ಲ.

"ನೀನೂ ಅದ್ರಾಗ ಇದ್ದೀ ಅಲ್ಲ?" ಕಾಕಾ ತಿರುಗಿ ನೋಡಿದ. "ಇಕಿನ್ನ ಅದ್ರಾಗಿಂದ ತಗೀರಿ ವೈನಿ. ನಾಳೆ ಹೆಚ್ಚು ಕಡಿಮಿ ಆದ್ರ ನಮ್ಮ ಹೆಸರೂ ಬರ್ತೈತಿ."

ಆಗಲೇ ಹೇಳಿಬಿಟ್ಟಿದ್ದರೆ ಮಾತು ಮನೆಯೊಳಗೇ ಮುಗಿಯುತ್ತಿತ್ತೋ ಏನೋ. ಹೇಳಲಿಲ್ಲ. ಅವ್ವನ ಫೋನು ತೆಗೆದುಕೊಂಡು ಬಚ್ಚಲಿಗೆ ಹೋಗಿ, ಅದರಲ್ಲಿದ್ದ ತುಣುಕನ್ನು ಅಳಿಸಿದಳು.

ಶುಕ್ರವಾರ ಶಾಲೆಯ ಅಂಗಳಕ್ಕೆ ಹತ್ತು ಹನ್ನೆರಡು ಜನ ಬಂದರು. ಹೆಡ್ ಮಾಸ್ತರರು ಅವರನ್ನು ಆಫೀಸಿನಲ್ಲಿ ಕೂಡಿಸಿ ಚಹಾ ತರಿಸಿದರು. ಒಳಗಿನ ಮಾತು ತರಗತಿಗೆ ಕೇಳುತ್ತಿರಲಿಲ್ಲ. ಬೀರಣ್ಣ ಮಾಸ್ತರರನ್ನು ಕರೆಸಿದರು. ಅವರು ಅರ್ಧ ತಾಸಿನ ಮೇಲೆ ಹೊರಬಂದು ಬಾವಿಯ ಕಡೆಗೆ ಹೋಗಿ ಮುಖ ತೊಳೆದುಕೊಂಡರು. ತರಗತಿಗೆ ಬಂದಾಗ ಅಂಗಿಯ ಮುಂಭಾಗವೆಲ್ಲ ತೊಯ್ದಿತ್ತು. "ಪುಸ್ತಕ ತಗೀರಿ" ಎಂದರು. ಯಾವ ಪುಸ್ತಕ ಎಂದು ಹೇಳಲಿಲ್ಲ.

ಮುಬೀನಾ ಆ ದಿನ ಬಂದಿರಲಿಲ್ಲ. ಶನಿವಾರವೂ ಬರಲಿಲ್ಲ.

ದುಂಡೇಶ ನೀರಿನ ಟಾಕಿಯ ಹತ್ತಿರ ಪ್ರಿಯದರ್ಶಿನಿಯನ್ನು ಹಿಡಿದ. "ಯಾರ ಕಳಿಸಿರಬೇಕು ಅದನ್ನ? ವಿಡಿಯೋ ಗೊತ್ತಿದ್ದದ್ದು ನಮ್ಮ ಮೂರೂ ಮಂದಿಗೆ, ಸರ್‌ಗೆ ಅಷ್ಟ. ನಾ ಕಳಿಸಿಲ್ಲ. ನೀ ಕಳಿಸಿಲ್ಲ."

ಅವಳು ನಲ್ಲಿ ತಿರುಗಿಸಿ ಬಾಟಲಿ ತುಂಬತೊಡಗಿದಳು.

"ಮೈಬೂಬ ಕಾಕಾನ ಮಗಳ ದೊಡ್ಡಸ್ತಿಕಿ ತೋರಸಾಕ ಕಳಿಸ್ಯಾನ ಅಂತಾರ ಮಂದಿ" ಎಂದ ದುಂಡೇಶ. "ಸರ್‌ದು ವರ್ಗಾ ಮಾಡಸ್ತೇವಿ ಅಂದಾರಂತ."

ರವಿವಾರ ಮುಂಜಾನೆ ಅವ್ವ ಜೋಳದ ಚೀಲ ಕಟ್ಟಿ ಕಾಕಾನ ಗಾಡಿಯ ಮೇಲಿಟ್ಟಳು. ಕಾಕಾ ಗಾಡಿಯನ್ನು ಮೈಬೂಬನ ಗಿರಣಿಯ ಕಡೆಗೆ ತಿರುಗಿಸದೆ ಪಕ್ಕದ ಊರಿನ ದಾರಿ ಹಿಡಿದ. ಅವ್ವ ನೋಡಿಯೂ ನೋಡದಂತೆ ಒಳಗೆ ಹೋದಳು. ಪ್ರಿಯದರ್ಶಿನಿ ಅರ್ಧ ಉಂಡ ತಾಟು ಸರಿಸಿದಳು. ಎದ್ದು ಗಿರಣಿಯ ಕಡೆ ನಡೆದಳು. ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡಿದ್ದಳು.

ರವಿವಾರವೆಂದರೆ ಆ ಗಿರಣಿಯ ಮುಂದೆ ಡಬ್ಬಿಗಳ ಸಾಲು ಬೀದಿಗೆ ಬಂದಿರುತ್ತಿತ್ತು. ಒಳಗಿನ ಸದ್ದಿಗೆ ಒಬ್ಬರಿಗೊಬ್ಬರು ಕೂಗಿ ಮಾತಾಡಬೇಕಿತ್ತು. ಇಂದು ದೂರದಿಂದಲೇ ಅವಳ ಹೆಜ್ಜೆಯ ಸಪ್ಪಳ ಅವಳಿಗೇ ಕೇಳಿತು. ಮೈಬೂಬ ನಿಂತ ಯಂತ್ರದ ಪಟ್ಟೆ ಬಿಚ್ಚಿ ಎಣ್ಣೆ ಹಾಕುತ್ತಿದ್ದ. ಅವನ ಹೆಂಡತಿ ಜೋಹರಾಬಿ ಬಾಗಿಲಲ್ಲಿ ಕೂತು, ಆಗಲೇ ಹಸನಾಗಿದ್ದ ಜೋಳವನ್ನು ಮತ್ತೆ ಹಸನು ಮಾಡುತ್ತಿದ್ದಳು.

"ಬಾ ಯವ್ವಾ" ಎಂದ ಮೈಬೂಬ. ಮರುಕ್ಷಣವೇ ಬೀದಿಯ ಆಚೆ ಈಚೆ ನೋಡಿದ. "ನೀ ಇಲ್ಲಿ ಬಂದದ್ದು ಮನ್ಯಾಗ ಗೊತ್ತೈತಿಲ್ಲೊ?"

ಅವಳು ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ಗೊತ್ತಾಗಲಿಲ್ಲ.

ಮುಬೀನಾ ಹಿಂದಿನ ಕೋಣೆಯಲ್ಲಿ ಇದ್ದಳು. ಅಳುತ್ತಿರಲಿಲ್ಲ. ಬಟ್ಟೆ ಮಡಚುತ್ತಿದ್ದಳು. "ಅಬ್ಬಾನ ಫೋನಿನಾಗ ವಾಟ್ಸಪ್ಪೇ ಇಲ್ಲ" ಎಂದಳು ಮೊದಲ ಮಾತಿಗೇ. "ಬಟನ್ ಫೋನ್ ಐತಿ. ಯಾರಿಗಿ ಹೇಳಿದ್ರೂ ನಂಬೂದಿಲ್ಲ. ನಾ ಕಳಿಸಿಲ್ಲ ಪ್ರಿಯಾ. ನೀ ನಂಬ್ತಿ ಹೌದಿಲ್ಲೊ?"

"ನಂಬ್ತೇನಿ."

"ಯಾರ ಮಾಡಿರಬೇಕು?"

ಕೇಳಿದ್ದು ಎದುರಿಗೆ ನಿಂತು. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಹೊರಗೆ ಮೈಬೂಬ ಬೋಲ್ಟು ತಿರುಗಿಸುವ ಪಾನಾ ಕೆಳಗಿಟ್ಟ ಸದ್ದಾಯಿತು. ಹೇಳಿದರೆ ಆ ಸದ್ದು ಮಾಡಿದವನು ಒಳಗೆ ಬರುತ್ತಾನೆ, ಜೋಹರಾಬಿ ಬರುತ್ತಾಳೆ, ಮೂವರೂ ತನ್ನನ್ನು ನೋಡುತ್ತಾರೆ. "ಗೊತ್ತಿಲ್ಲ" ಎಂದಳು ಪ್ರಿಯದರ್ಶಿನಿ.

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಒಂದು ಪದ ಕಿವಿಯಲ್ಲಿ ಮೊಳಗುತ್ತಿತ್ತು. ತುಣುಕು ಕತ್ತರಿಸಿದ್ದು ಏನಾದೀತೆಂದು ಗೊತ್ತಿಲ್ಲದೆ. ಇದು ಗೊತ್ತಿದ್ದೇ ಆಡಿದ ಸುಳ್ಳು.

ಮಂಗಳವಾರ ಶಾಲಾ ಸಮಿತಿಯ ಸಭೆ ಕರೆದರು. ಮುಂಜಾನೆ ಹನ್ನೊಂದಕ್ಕೆ ದೊಡ್ಡ ಕೋಣೆ ತುಂಬಿ, ಕಿಟಕಿಯ ಹೊರಗೂ ಜನ ನಿಂತರು. ಸಿದರಾಯ ಕಾಕಾ ಮತ್ತು ಅವನ ಗೆಳೆಯರು ಗೋಡೆಗೆ ಒರಗಿದ್ದರು. ಅವ್ವ ಹೆಂಗಸರ ನಡುವೆ ಕೂತಿದ್ದಳು. ಮೈಬೂಬ ಬಾಗಿಲ ಹತ್ತಿರ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನಿಂತಿದ್ದ. ಅವನ ಹಿಂದೆ ಜೋಹರಾಬಿ, ಅವಳ ಸೆರಗು ಹಿಡಿದ ಮುಬೀನಾ.

ಹೆಡ್ ಮಾಸ್ತರರು ಕಾಗದವೊಂದನ್ನು ಬಿಡಿಸಿದರು. "ನೋಡ್ರಿ, ನಮ್ಮ ಸಾಲಿ ಈ ಸ್ಪರ್ಧಾಕ್ಕ ಹೋಗೂದಿಲ್ಲ. ಬೀರಣ್ಣ ಮಾಸ್ತರು ತಪ್ಪಾತು ಅಂತ ಬರದು ಕೊಡ್ತಾರ. ಹುಡುಗಿ ತಂದಿನೂ ಒಂದ ಮಾತು ಹೇಳಿಬಿಟ್ರ ಮುಗದ ಹೋತು."

ಮೈಬೂಬ ಒಂದು ಹೆಜ್ಜೆ ಮುಂದೆ ಬಂದ. "ಹೇಳ್ತೇನ್ರಿ. ಕೂಸಿನ ಕಡಿಂದ ತಪ್ಪ ಆಗಿದ್ರ..."

"ತಡೀರಿ ಮೈಬೂಬಣ್ಣ" ಎಂದರು ಬೀರಣ್ಣ ಮಾಸ್ತರರು. "ನಾ ಬರದು ಕೊಡ್ತೇನಿ. ವರ್ಗಾ ಮಾಡಿದ್ರೂ ಹೋಗ್ತೇನಿ. ಆದ್ರ ಇಲ್ಲಿದ್ದವರೆಲ್ಲಾ ನೋಡಿದ್ದು ಹದಿನೆಂಟ ಸೆಕೆಂಡು. ಮಕ್ಕಳು ಮಾಡಿದ್ದು ಹತ್ತ ಮಿನಿಟು. ಅಷ್ಟೂ ನೋಡ್ರಿ. ನೋಡಿದ ಮ್ಯಾಲ ಏನ್ ಮಾಡಂತೀರಿ ಮಾಡ್ತೇನಿ."

ಗೊಣಗಾಟವೆದ್ದಿತು. ಕಡೆಗೆ ಸಮಿತಿಯ ಅಧ್ಯಕ್ಷರು, "ತೋರಸ್ಲಿ ಬಿಡ್ರಿ, ಹತ್ತ ಮಿನಿಟಿಗೆ ಏನಾಕ್ಕೈತಿ" ಎಂದರು. ಕಿಟಕಿ ಮುಚ್ಚಿದರು. ಪ್ರಿಯದರ್ಶಿನಿ ಪ್ರೊಜೆಕ್ಟರಿಗೆ ಜೋಡಿಸಿದ, ಬ್ಯಾಟರಿ ಕೆಟ್ಟ ಲ್ಯಾಪ್‌ಟಾಪಿನ ಮುಂದೆ ಕೂತಳು. ಗುಂಡಿ ಒತ್ತಿದಳು.

ದುಂಡೇಶನ ನಕಾಶೆ ಗೋಡೆಯ ಮೇಲೆ ಹರಡಿತು. ಹೊಳೆ ನೀಲಿ ಗೆರೆಯಾಗಿ ಹರಿಯಿತು, ನಾಲ್ಕು ಕಡೆಯಿಂದ ಬಾಣಗಳು ಸರಿದವು. 'ಮತ್ತೆ ಯಾಕೆ ಕಾದಾಡಿದರು?' ಎಂಬ ಸಾಲು ಮೂಡಿತು. ಜನ ಸುಮ್ಮನಾದರು. ರಕ್ಕಸಗಿಯ ಹೆಸರು ಬಂದಾಗ ಹಿಂದಿನಿಂದ ಯಾರೋ, "ನಮ್ಮ ಅಕ್ಕನ ಊರು" ಎಂದರು. ಪ್ರಿಯದರ್ಶಿನಿಗೆ ತುಸು ಉಸಿರು ಬಂತು. ಇನ್ನು ಸುಲ್ತಾನರ ಮಾತು, ಅದರ ಬೆನ್ನಿಗೇ ರಾಮರಾಯನದು. ಅಷ್ಟು ದಾಟಿದರೆ ಸಾಕು.

"ಆ ನಗರ ಇನ್ನು ನಮ್ಮ ಕಣ್ಣಿಗೆ ಬೀಳಬಾರದು" ಎಂದಿತು ಮುಬೀನಾಳ ದನಿ, ಈಗ ಕೋಣೆ ತುಂಬುವಂತೆ. "ಕಲ್ಲಿನ ಮೇಲೆ ಕಲ್ಲು ನಿಲ್ಲಬಾರದು. ನಾವು ನಾಲ್ವರೂ ಕೂಡಿದ್ದೇವೆ. ಇನ್ನು ನಮ್ಮನ್ನು ತಡೆಯುವವರು ಯಾರು?"

ಕರೆಂಟು ಹೋಯಿತು.

ಗೋಡೆ ಕಪ್ಪಾಯಿತು. ಫ್ಯಾನುಗಳು ನಿಧಾನವಾಗಿ ನಿಂತವು. ಸ್ಪೀಕರಿನ ದನಿಯೂ ಸತ್ತಿತು. ಮುಚ್ಚಿದ ಕೋಣೆಯಲ್ಲಿ ಎಲ್ಲರ ಕಿವಿಯಲ್ಲಿ ಉಳಿದದ್ದು ಆ ಕೊನೆಯ ಮಾತೊಂದೇ.

"ನೋಡಿದ್ರಿಲ್ಲೊ? ಮೊಬೈಲಿನಾಗ ಬಂದದ್ದು ಸುಳ್ಳೇನ?" ಗೋಡೆಯ ಕಡೆಯಿಂದ ಒಂದು ದನಿ.

"ಸಾಕ ಮಾಡ್ರಿ ಇನ್ನ."

ಕುರ್ಚಿ ಸರಿದ ಸದ್ದು. ಯಾರೋ ಕಿಟಕಿ ತೆರೆದರು. ಬೆಳಕು ಬಿದ್ದಾಗ ಪ್ರಿಯದರ್ಶಿನಿ ಕಂಡದ್ದು ಮೈಬೂಬನನ್ನು. ಅವನು ಮಗಳ ಭುಜ ಹಿಡಿದು ಬಾಗಿಲ ಕಡೆಗೆ ತಿರುಗಿಸುತ್ತಿದ್ದ. ಎದುರಿಗೆ ಇಬ್ಬರು ಹುಡುಗರು ದಾರಿ ಬಿಡದೆ ನಿಂತಿದ್ದರು. ಬೀರಣ್ಣ ಮಾಸ್ತರರು ಎರಡೂ ಕೈ ಎತ್ತಿ ಏನೋ ಹೇಳುತ್ತಿದ್ದರು. ಒಬ್ಬರೂ ಕೇಳುತ್ತಿರಲಿಲ್ಲ.

ಅವಳು ಕೂತಿದ್ದ ಬೆಂಚಿನ ಮೇಲೆ ಹತ್ತಿ ನಿಂತಳು. ಹೇಗೆ ಹತ್ತಿದಳೆಂದು ಆಮೇಲೆ ಎಷ್ಟು ನೆನೆದರೂ ಅವಳಿಗೆ ನೆನಪಾಗಲಿಲ್ಲ.

"ನಾನ ಮಾಡಿದ್ದು" ಎಂದಳು.

ಹತ್ತಿರದವರಷ್ಟೇ ತಿರುಗಿದರು. ಅವಳು ಮತ್ತೆ, ಈ ಸಲ ಗಂಟಲು ಹರಿಯುವಂತೆ ಹೇಳಿದಳು. "ಆ ತುಣುಕು ನಾನ ಕತ್ತರಿಸಿದ್ದು. ನಮ್ಮ ಅವ್ವನ ಸ್ಟೇಟಸ್ಸಿಗಿ ನಾನ ಹಾಕಿದ್ದು. ಮುಬೀನಾ ಹಾಕಿಲ್ಲ, ಮೈಬೂಬ ಕಾಕಾ ಹಾಕಿಲ್ಲ. ನಗಾರಿ ಸೈತ ನಾನ ಕೂಡಿಸಿದ್ದು. ಮ್ಯಾಲ ಒಂದ ಸಾಲು ಇತ್ತು, ಮಕ್ಕಳು ಕಲ್ಪಿಸಿ ಬರದದ್ದು ಅಂತ. ಈಗ ಗ್ವಾಡಿ ಮ್ಯಾಲ ಹಳದಿ ಅಕ್ಷರದಾಗ ಓದಿದ್ರಿಲ್ಲೊ, ಅದು. ನಾ ಚಿತ್ರ ಹಿಗ್ಗಿಸಿದಾಗ ಅದು ಹೋತು. ಆ ಕೆಂಪ ಪಟ್ಟಿ ಯಾರ ಹಚ್ಚ್ಯಾರೋ ನಂಗೊತ್ತಿಲ್ಲ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಕಾನ ಮುಖ ಒಮ್ಮೆಲೇ ಕಪ್ಪಿಟ್ಟಿತು. ಅವನು ಪಕ್ಕದಲ್ಲಿದ್ದ ಗೆಳೆಯರ ಕಡೆ ನೋಡಲಿಲ್ಲ.

"ಇಳಿ ಕೆಳಗ" ಎಂದ.

"ಯಾಕ ಹಾಕಿದಿ?" ಎಂದು ಕೇಳಿದರು ಅಧ್ಯಕ್ಷರು.

"ಅಕಿ ಛಲೋ ಹೇಳಿದ್ಳು, ಅದಕ್ಕ" ಎಂದಳು ಪ್ರಿಯದರ್ಶಿನಿ. ಅದಕ್ಕಿಂತ ಬೇರೆ ಕಾರಣ ಅವಳಲ್ಲಿರಲಿಲ್ಲ. ಅಲ್ಲಿಗೆ ಅಳು ಬಂತು. ಅಳುತ್ತಲೇ, "ಮುಂದಿಂದೂ ಕೇಳ್ರಿ. ರಾಮರಾಯನ ಮಾತೂ ಅಕಿನ ಹೇಳ್ಯಾಳ" ಎಂದಳು.

ಕರೆಂಟು ಬಂದಿರಲಿಲ್ಲ. ಎಲ್ಲರೂ ಒಮ್ಮೆ ಕಪ್ಪು ಗೋಡೆಯತ್ತ ನೋಡಿ, ಆಮೇಲೆ ಬಾಗಿಲತ್ತ ನೋಡಿದರು. ಮುಬೀನಾ ಪ್ರಿಯದರ್ಶಿನಿಯನ್ನು ನೋಡುತ್ತಿದ್ದಳು. ಆ ನೋಟ ಸಹಿಸಲಾಗದೆ ಪ್ರಿಯದರ್ಶಿನಿ ಬೆಂಚಿನಿಂದ ಇಳಿದಳು. 'ಗೊತ್ತಿಲ್ಲ' ಎಂದು ತಾನು ಹೇಳಿದ್ದು ಆ ಕಣ್ಣಿನಲ್ಲಿತ್ತು.

ಮುಬೀನಾ ತಂದೆಯ ಕೈಯನ್ನು ತನ್ನ ಭುಜದಿಂದ ಮೆಲ್ಲಗೆ ತೆಗೆದಳು. ಜನರ ನಡುವೆ ದಾರಿ ಮಾಡಿಕೊಂಡು ಗೋಡೆಯ ಮುಂದೆ ಬಂದು ನಿಂತಳು. ಯಾರ ಕಡೆಗೂ ನೋಡದೆ, ನೆಲ ನೋಡುತ್ತ ಶುರು ಮಾಡಿದಳು. ಮೊದಲ ಸಾಲು ಯಾರಿಗೂ ಕೇಳಿಸಲಿಲ್ಲ. ನಿಲ್ಲಿಸಿ, ಉಸಿರೆಳೆದುಕೊಂಡು ಮತ್ತೆ ಮೊದಲಿನಿಂದ ಹಿಡಿದಳು. ಈಗ ಬಂದದ್ದು ಆ ಮುದುಕನ ದನಿ.

"ಎಂಬತ್ತು ವರ್ಷ ಬಾಳಿದ್ದೇನೆ. ಅಗೋ ಆ ಅಲಿ, ನನ್ನ ಮನೆಗೆ ಬಂದು ನನ್ನನ್ನು ಅಪ್ಪಾ ಎಂದವನು. ಆ ಇಬ್ರಾಹಿಂ, ಏಳು ವರ್ಷ ನನ್ನ ನೆರಳಲ್ಲಿ ಉಂಡವನು. ಅವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದವನೂ ನಾನೇ. ಇಂದು ಅವರೆಲ್ಲ ಕೂಡಿ ಬಂದಿದ್ದಾರೆ. ಓಡಿಹೋಗುವ ವಯಸ್ಸು ನನ್ನದಲ್ಲ. ನನ್ನ ಪಲ್ಲಕ್ಕಿಯನ್ನು ಇಲ್ಲೇ ಇಳಿಸಿರಿ. ನಿಮ್ಮಲ್ಲಿ ಯಾರಿಗೆ ಮನೆಯ ನೆನಪಾಗುತ್ತದೋ ಅವರನ್ನು ನಾನು ಬೈಯುವುದಿಲ್ಲ. ನನಗೂ ಆಗುತ್ತಿದೆ."

ಅಷ್ಟು ಹೇಳಿ ನಿಂತಳು. ದುಂಡೇಶ ಎದ್ದ. ಅವನ ಭಾಗ ಕೊನೆಯದು, ನಿರೂಪಣೆ. ಈ ಸಲ ಅವನಿಗೆ ನಗು ಬರಲಿಲ್ಲ. "ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ರಾಮರಾಯನ ಹೆಸರು ಪುಸ್ತಕದಲ್ಲಿದೆ, ಸುಲ್ತಾನರ ಹೆಸರುಗಳೂ ಇವೆ. ಸತ್ತ ಸಾವಿರಾರು ಜನರ ಹೆಸರು ಎಲ್ಲಿಯೂ ನಮಗೆ ಸಿಗಲಿಲ್ಲ. ಎಷ್ಟು ಜನ ಎಂಬುದೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾವು ಹುಡುಕಿದೆವು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೋಡೆಗೆ ಒರಗಿದ್ದ ಮೂವರು ನಾಲ್ವರು, "ಇದೆಲ್ಲಾ ಆಮ್ಯಾಲ ಬರಸಿದ್ದು" ಎನ್ನುತ್ತ ಹೊರಗೆ ಹೋದರು. ಉಳಿದವರು ಕೂತೇ ಇದ್ದರು. ಒಬ್ಬ ಮುದುಕಿ ಮುಬೀನಾಳನ್ನು ಹತ್ತಿರ ಕರೆದು, "ಆ ಮುದುಕಂದೂ ನೀನ ಹೇಳಿದ್ಯಾ?" ಎಂದು ಗಲ್ಲ ಹಿಡಿದು ನೋಡಿದಳು. ಅಧ್ಯಕ್ಷರು ಹೆಡ್ ಮಾಸ್ತರರ ಕೈಯಲ್ಲಿದ್ದ ಕಾಗದ ಇಸಿದುಕೊಂಡು ಮಡಚಿ ಜೇಬಿಗಿಟ್ಟರು. "ಹೋಗಿ ಬರ್ಲಿ ಮಕ್ಕಳು. ಮತ್ತ ಯಾರೂ ಏನೂ ಬರದು ಕೊಡೂದ ಬ್ಯಾಡ."

ಸಿದರಾಯ ಕಾಕಾ ಗೆಳೆಯರ ಹಿಂದೆ ಹೋಗಲಿಲ್ಲ. ಆಮೇಲೆ ಮೈಬೂಬನ ಹತ್ತಿರ ಹೋದ. "ನಮ್ಮ ಮನಿಂದ ಆಗೇತಿ" ಎಂದ. ಮೈಬೂಬ ತಲೆಯಾಡಿಸಿದನಷ್ಟೇ. ಆಗಲಿ ಬಿಡು ಎಂದು ಅವನು ಹೇಳಲಿಲ್ಲ.

ಆ ದಿನ ಮನೆಯಲ್ಲಿ ಪ್ರಿಯದರ್ಶಿನಿಗೆ ಅವ್ವನಿಂದ ಎರಡೇಟು ಬಿದ್ದವು. ಫೋನು ಟ್ರಂಕಿನೊಳಗೆ ಹೋಯಿತು. ಅದಕ್ಕೆ ಅವಳು ಅಳಲಿಲ್ಲ. ಮರುದಿನ ಮುಬೀನಾ ಶಾಲೆಗೆ ಬಂದು, ತನ್ನ ಪಕ್ಕ ಬಿಟ್ಟು ದುಂಡೇಶನ ಪಕ್ಕದಲ್ಲಿ ಕೂತದ್ದನ್ನು ನೋಡಿ ಅತ್ತಳು.

ಶನಿವಾರ ಬಾಗೇವಾಡಿಗೆ ಹೋದರು. ಹೋಗುವಾಗ ಮುಬೀನಾ ಮಾಸ್ತರರ ಹತ್ತಿರ ಕೂತಳು. ಇಂಡಿಯವರು, ಸಿಂದಗಿಯವರು ಎಲ್ಲ ಸೇರಿ ಇಪ್ಪತ್ತಾರು ಶಾಲೆಗಳು ಬಂದಿದ್ದವು. ಆ ತುಣುಕು ಅಲ್ಲಿಗೂ ಮುಟ್ಟಿತ್ತು. ಇವರ ಸರದಿ ಬಂದಾಗ ಹಿಂದಿನ ಸಾಲುಗಳಲ್ಲಿ ಪಿಸುಮಾತು ಹಬ್ಬಿತು. ಒಬ್ಬರು ಫೋನು ಎತ್ತಿ ಹಿಡಿದು ಚಿತ್ರೀಕರಿಸಲು ನಿಂತರು. ಸುಲ್ತಾನರ ಮಾತು ಬರುವ ಹೊತ್ತಿಗೆ ಪ್ರಿಯದರ್ಶಿನಿ ಮೇಲಿನ ಫ್ಯಾನಿನತ್ತ ನೋಡಿದಳು. ಕರೆಂಟು ಹೋಗಲಿಲ್ಲ. ರಾಮರಾಯನ ಮಾತು ಮುಗಿಯಿತು, ದುಂಡೇಶನದೂ ಮುಗಿಯಿತು.

ಪರೀಕ್ಷಕರಲ್ಲಿ ಒಬ್ಬರು ಕನ್ನಡಕ ತೆಗೆದು ಕೇಳಿದರು. "ಆ ಎರಡು ದನಿ ಯಾರವು?"

"ಎರಡೂ ನಂದರಿ" ಎಂದಳು ಮುಬೀನಾ.

ಬಹುಮಾನ ಬರಲಿಲ್ಲ. ಮೊದಲನೆಯದು ಇಂಡಿ ತಾಲೂಕಿನ ಒಂದು ಶಾಲೆಗೆ ಹೋಯಿತು. ದುಂಡೇಶನ ನಕಾಶೆಯನ್ನು ಮಾತ್ರ ಪರೀಕ್ಷಕರು ಹೆಸರು ಹಿಡಿದು ಹೊಗಳಿದರು. ಅವನು ಬಸ್ ನಿಲ್ದಾಣದವರೆಗೂ ಅದನ್ನೇ ಹೇಳುತ್ತ ಬಂದ.

ಮುದ್ದೇಬಿಹಾಳದ ಬಸ್ಸು ಹತ್ತಿದಾಗ ಬಿಸಿಲು ಇಳಿಯುತ್ತಿತ್ತು. ಪ್ರಿಯದರ್ಶಿನಿ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಬಸ್ಸು ಊರು ದಾಟಿದ ಮೇಲೆ ಮುಬೀನಾ ಎದ್ದು ಬಂದು ಅವಳ ಪಕ್ಕದಲ್ಲಿ ಕೂತಳು.

"ಹಿಂದಿನ ವಾರ ಗುರುವಾರ ಸಂಜಿ ಮುಂದ ಅಮ್ಮಿ ನನ್ನ ಕರದು ಬಾಗಲ ಹಾಕಿದ್ಳು" ಎಂದಳು. "ಯಾಕ ಅಂತ ಹೇಳ್ಲಿಲ್ಲ. ಅಬ್ಬಾ ಹೊರಗ ಕಟ್ಟಿ ಮ್ಯಾಲ ಕುಂತಿದ್ರು. ಉಣ್ಣಾಕ ಕರದ್ರೂ ಒಳಗ ಬರ್ಲಿಲ್ಲ."

ಪ್ರಿಯದರ್ಶಿನಿ ಬಾಯಿ ತೆರೆದಳು.

"ನಡುವ ಮಾತಾಡಬ್ಯಾಡ" ಎಂದಳು ಮುಬೀನಾ. "ನಾ ಎಲ್ಲಾ ಹೇಳ್ತೇನಿ. ನೀ ಕೇಳು."

ಗುರುವಾರದಿಂದ ಶುಕ್ರವಾರ, ಶುಕ್ರವಾರದಿಂದ ಶನಿವಾರ, ಒಂದೊಂದೇ ದಿನ, ಯಾರು ಏನೆಂದರು, ಯಾರು ನೋಡಿಯೂ ಮಾತಾಡಿಸಲಿಲ್ಲ, ಅವಳು ಏನು ಉಂಡಳು, ಏನು ಉಣ್ಣಲಿಲ್ಲ ಎಂಬುದನ್ನೆಲ್ಲ ಹೇಳುತ್ತ ಹೋದಳು. ಬಸ್ಸು ನಿಂತಲ್ಲಿ ದನಿ ಇಳಿಸಿದಳು, ಹೊರಟಾಗ ಏರಿಸಿದಳು. ಪ್ರಿಯದರ್ಶಿನಿ ಮುಖ ತಿರುಗಿಸದೆ ಕೇಳಿದಳು. ಊರು ಬಂದಾಗ ಮುಬೀನಾ ಇನ್ನೂ ಸೋಮವಾರದಲ್ಲಿದ್ದಳು. ಇಳಿದ ಮೇಲೆ ಇಬ್ಬರೂ ನಿಲ್ದಾಣದ ಬದಿಯಲ್ಲೇ ನಿಂತರು. ಉಳಿದದ್ದನ್ನೂ ಹೇಳಿ ಮುಗಿಸಿಯೇ ಮುಬೀನಾ ಮನೆಯ ದಾರಿ ಹಿಡಿದಳು.